ಮದ್ದು ಒಂದೇ, ಮೈ ಬೇರೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಹಿರಿಯರು ಹೇಳಿಟ್ಟರು. ಚಿಂತೆಯುಳ್ಳವನು ಏನು ಮಾಡಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಅವನಿಗೆ ಔಷಧದ ಅಂಗಡಿಯೇ ದಾರಿ ತೋರಿಸುತ್ತ ಬಂದಿದೆ. ಮೊದಲು ಉಪ್ಪಿನಂತಹ ಒಂದು ಪುಡಿ, ಬಳಿಕ ಗಂಟಲು ಸುಡುವ ಒಂದು ದ್ರವ, ಅದಾದ ಮೇಲೆ ಬಗೆಬಗೆಯ ಬಿಳಿಯ ಮಾತ್ರೆಗಳು. ರೂಪ ಬದಲಾದರೂ ನಾವು ಮದ್ದಿನಿಂದ ಬಯಸುವುದು ಬದಲಾಗಲಿಲ್ಲ. ಅದು ಕೆರಳಿದ ನರಗಳನ್ನು ಶಾಂತಗೊಳಿಸಬೇಕು, ಒಂದು ರಾತ್ರಿಯ ನಿದ್ದೆಯನ್ನು ಕೊಡಬೇಕು, ಬೆಳಗಾಗುವಷ್ಟರಲ್ಲಿ ಮೈಯನ್ನು ಬಿಟ್ಟು ಹೊರಟುಹೋಗಬೇಕು.

ಕಷ್ಟವಿರುವುದು ಈ ಕೊನೆಯ ಮಾತಿನಲ್ಲಿ. ಒಂದೇ ಮನೆಯಲ್ಲಿ ಒಂದೇ ಮಾತ್ರೆಯನ್ನು ಇಬ್ಬರು ನುಂಗಿದರೆನ್ನಿ. ಮಗ ಬೆಳಿಗ್ಗೆ ಆರಕ್ಕೆ ಎದ್ದು, ಸ್ನಾನ ಮುಗಿಸಿ, ಕಚೇರಿಗೆ ಹೊರಡುತ್ತಾನೆ. ತಂದೆ ಹನ್ನೊಂದು ಗಂಟೆಯಾದರೂ ಆರಾಮಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾರೆ. ಕೇಳಿದ್ದಕ್ಕೆ ಇನ್ನೇನೋ ಉತ್ತರ ಹೇಳುತ್ತಾರೆ. ಎದ್ದು ನಡೆದರೆ ಕಾಲು ತಡವರಿಸುತ್ತದೆ. ಮಾತ್ರೆ ಒಂದೇ, ಅದರ ತೂಕ ಒಂದೇ, ತಯಾರಿಸಿದ ಕಾರ್ಖಾನೆಯೂ ಒಂದೇ. ಬೇರೆಯಾದದ್ದು ಮೈ. ಇಷ್ಟು ಸರಳವಾದ ಮಾತನ್ನು ಅರಿತುಕೊಳ್ಳಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಡುವೆ ಮದ್ದು ಮಾಡಿದ ಕೆಲಸವನ್ನು ರೋಗ ಮಾಡಿತೆಂದೋ ಮುಪ್ಪು ಮಾಡಿತೆಂದೋ ತಿಳಿದು ಎಷ್ಟೋ ಜನ ತೊಂದರೆಗೊಳಗಾದರು. ಆ ಕಥೆಯನ್ನೇ ಇಲ್ಲಿ ಓದುಗರ ಮುಂದಿಡಲು ಬಯಸುತ್ತೇನೆ.

ಕಥೆ ಮೊದಲಾಗುವುದು ಸಮುದ್ರದ ಉಪ್ಪಿನಿಂದ. ೧೮೨೬ರಲ್ಲಿ ಫ್ರಾನ್ಸಿನ ಮೋಂಪೆಲ್ಯೆ ಪಟ್ಟಣದ ಬಲಾರ್ ಎಂಬ ತರುಣ ರಸಾಯನಶಾಸ್ತ್ರಜ್ಞರು ಉಪ್ಪಿನ ನೀರಿನಿಂದ ಬ್ರೋಮಿನ್ ಎಂಬ ಹೊಸ ಮೂಲವಸ್ತುವನ್ನು ಬೇರ್ಪಡಿಸಿದರು. ೧೮೫೭ರಲ್ಲಿ ಲಂಡನ್ನಿನ ವೈದ್ಯರ ಒಂದು ಸಭೆಯಲ್ಲಿ ಸರ್ ಚಾರ್ಲ್ಸ್ ಲೊಕಾಕ್ ಅವರು ಅದರ ಲವಣವಾದ ಪೊಟ್ಯಾಸಿಯಂ ಬ್ರೋಮೈಡಿನಿಂದ ಒಂದು ಬಗೆಯ ಅಪಸ್ಮಾರ ಹತೋಟಿಗೆ ಬಂದಿತೆಂದು ತಿಳಿಸಿದರು. ಲೊಕಾಕ್ ಅವರು ವಿಕ್ಟೋರಿಯಾ ರಾಣಿಯ ಹೆರಿಗೆ ನೋಡಿಕೊಂಡ ವೈದ್ಯರಾಗಿದ್ದುದರಿಂದ ಅವರ ಮಾತಿಗೆ ತೂಕವಿತ್ತು. ಕೆಲವೇ ವರ್ಷಗಳಲ್ಲಿ ಬ್ರೋಮೈಡು ಅಪಸ್ಮಾರದ ಎಲ್ಲೆಯನ್ನು ದಾಟಿ, ನಿದ್ದೆಗೆಟ್ಟವರಿಗೂ ಕಳವಳಪಡುವವರಿಗೂ ಕೊಡುವ ಮನೆಮದ್ದಿನಂತಾಯಿತು. ಮಾನಸಿಕ ರೋಗಿಗಳ ಆಸ್ಪತ್ರೆಗಳಲ್ಲಿ ಅದನ್ನು ಧಾರಾಳವಾಗಿ ಕುಡಿಸುತ್ತಿದ್ದರು.

ಈ ಬ್ರೋಮೈಡು ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡಿಗೆ ಬಹಳ ಹತ್ತಿರದ ದಾಯಾದಿ. ಎಷ್ಟು ಹತ್ತಿರವೆಂದರೆ ನಮ್ಮ ಮೂತ್ರಪಿಂಡಗಳಿಗೆ ಇವೆರಡರ ನಡುವೆ ಭೇದ ತಿಳಿಯುವುದೇ ಕಷ್ಟ. ಉಪ್ಪನ್ನು ಉಳಿಸಿಕೊಳ್ಳುವಂತೆಯೇ ಅವು ಬ್ರೋಮೈಡನ್ನೂ ಜೋಪಾನ ಮಾಡುತ್ತವೆ. ಹೀಗಾಗಿ ಮೈ ಸೇರಿದ ಬ್ರೋಮೈಡಿನಲ್ಲಿ ಅರ್ಧದಷ್ಟು ಹೊರಗೆ ಹೋಗಲು ಸುಮಾರು ೧೨ ದಿನಗಳು ಬೇಕು. ಒಂದು ಔಷಧ ಮೈಯಲ್ಲಿ ಅರ್ಧಕ್ಕಿಳಿಯಲು ಹಿಡಿಯುವ ಕಾಲವನ್ನು ಅದರ ಅರ್ಧಾಯು ಎನ್ನುತ್ತಾರೆ. ಮುಂದೆಯೂ ಈ ಮಾತು ಬರಲಿರುವುದರಿಂದ ಇದೊಂದನ್ನು ನೆನಪಿನಲ್ಲಿಡಿ. ೧೨ ದಿನದ ಅರ್ಧಾಯುವುಳ್ಳ ಮದ್ದನ್ನು ದಿನಕ್ಕೆ ಮೂರು ಹೊತ್ತು ಕುಡಿಸಿದರೆ ಏನಾದೀತು? ಹಳೆಯದು ಹೋಗುವ ಮೊದಲೇ ಹೊಸದು ಬಂದು ಸೇರುತ್ತದೆ. ವಾರಗಳು ಕಳೆದಂತೆ ರಾಶಿ ಬೆಳೆಯುತ್ತದೆ. ಅದರಲ್ಲೂ ಊಟದಲ್ಲಿ ಉಪ್ಪು ಬಿಟ್ಟವರಲ್ಲಿ ಈ ರಾಶಿ ಇನ್ನೂ ಬೇಗ ಬೆಳೆಯುತ್ತದೆ. ಏಕೆಂದರೆ ಉಪ್ಪಿನ ಕೊರತೆಯಾದಾಗ ಮೂತ್ರಪಿಂಡಗಳು ಬ್ರೋಮೈಡನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ.

ರಾಶಿ ಮಿತಿಮೀರಿದಾಗ ರೋಗಿಗೆ ಮಂಕು ಹಿಡಿಯುತ್ತದೆ, ನಾಲಗೆ ತೊದಲುತ್ತದೆ, ನೆನಪು ಕೆಡುತ್ತದೆ; ಕೊನೆಗೆ ಇಲ್ಲದ ದನಿಗಳು ಕೇಳುತ್ತವೆ, ಇಲ್ಲದ ರೂಪಗಳು ಕಾಣುತ್ತವೆ. ಇದನ್ನು ಕಂಡ ಮನೆಯವರು ಹುಚ್ಚು ಹಿಡಿಯಿತೆಂದು ಅವನನ್ನು ಆಸ್ಪತ್ರೆಗೆ ಸೇರಿಸುತ್ತಿದ್ದರು. ಅಲ್ಲಿ ಹುಚ್ಚಿಗೆ ಏನು ಕೊಡುತ್ತಿದ್ದರು? ಮತ್ತಷ್ಟು ಬ್ರೋಮೈಡು! ೧೯೨೭ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಓಟ್ಟೋ ವೂತ್ ಎಂಬುವರು ರಕ್ತದಲ್ಲಿರುವ ಬ್ರೋಮೈಡನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದ ಮೇಲೆ ವೈದ್ಯರಿಗೆ ಕಣ್ಣು ತೆರೆಯಿತು. ಹುಚ್ಚರೆಂದು ಸೇರಿಸಿಕೊಂಡಿದ್ದವರಲ್ಲಿ ಕೆಲವರು ಬರಿಯ ಬ್ರೋಮೈಡಿನ ನಂಜಿನಿಂದ ಬಳಲುತ್ತಿದ್ದವರು. ಅವರಿಗೆ ಬೇಕಾಗಿದ್ದ ಚಿಕಿತ್ಸೆಯೂ ಸುಲಭವಾದದ್ದೇ. ಪುಡಿಯನ್ನು ನಿಲ್ಲಿಸಿ, ಧಾರಾಳವಾಗಿ ನೀರನ್ನೂ ಅಡುಗೆ ಉಪ್ಪನ್ನೂ ಕೊಟ್ಟರೆ, ಉಪ್ಪು ಬಂದು ಬ್ರೋಮೈಡನ್ನು ಹೊರದೂಡುತ್ತಿತ್ತು.

ಬಾನುಲಿಯ ಕೇಳುಗರಿಗೆ ಕುತೂಹಲ ಹುಟ್ಟಿಸುವ ಒಂದು ನಿದರ್ಶನ ಇಲ್ಲಿದೆ. ಇಂಗ್ಲಿಷಿನ ಪ್ರಸಿದ್ಧ ಕಾದಂಬರಿಕಾರರಾದ ಈವ್ಲಿನ್ ವಾ ಅವರಿಗೆ ನಿದ್ದೆ ಬಾರದ ತೊಂದರೆ ಬಹುಕಾಲದಿಂದ ಇತ್ತು. ಅದಕ್ಕಾಗಿ ಅವರು ಕ್ಲೋರಲ್ ಮತ್ತು ಬ್ರೋಮೈಡು ಬೆರೆತ ಮದ್ದನ್ನು ಮಿತಿಯಿಲ್ಲದೆ ಕುಡಿಯುತ್ತಿದ್ದರು. ೧೯೫೪ರ ಆರಂಭದಲ್ಲಿ ಸಿಂಹಳಕ್ಕೆ ಹಡಗು ಹತ್ತಿದ ಅವರಿಗೆ ದಾರಿಯುದ್ದಕ್ಕೂ ಯಾರೋ ತಮ್ಮನ್ನು ನಿಂದಿಸುವ, ಸಂಚು ಹೂಡುವ ದನಿಗಳು ಕೇಳತೊಡಗಿದವು. ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ವೈದ್ಯರು ಇದು ಮದ್ದಿನ ನಂಜೆಂದು ಗುರುತಿಸಿದರು. ಮದ್ದನ್ನು ಬದಲಿಸಿದೊಡನೆ ದನಿಗಳು ಅಡಗಿದವು. ೧೯೫೭ರಲ್ಲಿ ಈ ಅನುಭವವನ್ನೇ ಅವರು ಒಂದು ಕಾದಂಬರಿಯಾಗಿ ಬರೆದರು. ತನ್ನನ್ನು ಕಾಡುವ ದನಿಗಳ ಹಿಂದೆ ಇರುವವನು ಬಿ.ಬಿ.ಸಿ.ಯಿಂದ ಸಂದರ್ಶನಕ್ಕೆ ಬಂದಿದ್ದ ಮನುಷ್ಯನೇ ಎಂದು ಅದರ ನಾಯಕ ನಂಬಿಬಿಡುತ್ತಾನೆ!

ಬ್ರೋಮೈಡಿನ ಬಳಿಕ ಬಂದದ್ದು ಕ್ಲೋರಲ್. ೧೮೬೯ರಲ್ಲಿ ಬರ್ಲಿನ್ನಿನ ಓಸ್ಕರ್ ಲೀಬ್ರೈಖ್ ಅವರು ಇದನ್ನು ನಿದ್ದೆಯ ಮದ್ದಾಗಿ ಬಳಕೆಗೆ ತಂದರು. ಇದು ರಕ್ತದಲ್ಲಿ ಕ್ಲೋರೋಫಾರಂ ಆಗಿ ಮಾರ್ಪಡುತ್ತದೆಂಬುದು ಅವರ ಊಹೆ. ಊಹೆ ತಪ್ಪಾಗಿತ್ತು; ಆದರೆ ಮೈಯೊಳಗೆ ಮದ್ದು ಬೇರೊಂದು ವಸ್ತುವಾಗುತ್ತದೆಂಬ ಯೋಚನೆ ಸರಿಯಾಗಿತ್ತು. ಕ್ಲೋರಲ್ ಸ್ವಲ್ಪ ಹೊತ್ತಿನಲ್ಲೇ ಮಾಯವಾಗಿ, ಟ್ರೈಕ್ಲೋರೋಎಥನಾಲ್ ಎಂಬ ವಸ್ತುವಾಗಿ ಮಾರ್ಪಟ್ಟು, ಆ ರೂಪದಲ್ಲಿ ಗಂಟೆಗಟ್ಟಲೆ ಕೆಲಸಮಾಡುತ್ತದೆ. ಹುಟ್ಟಿದ ಹೊಸತರಲ್ಲಿ ಕೂಸಿನ ಯಕೃತ್ತು ಇನ್ನೂ ಪಳಗಿರುವುದಿಲ್ಲವಾದ್ದರಿಂದ, ಈ ವಸ್ತು ಕೂಸಿನ ಮೈಯಲ್ಲಿ ದೊಡ್ಡವರಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಕಾಲ ನಿಲ್ಲುತ್ತದೆ.

೧೯೦೩ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಅವರು ವೆರೋನಾಲ್ ಎಂಬ ಮದ್ದನ್ನು ಕೊಟ್ಟರು. ಬಾರ್ಬಿಟುರೇಟುಗಳೆಂಬ ದೊಡ್ಡ ಬಳಗದ ಹಿರಿಯಣ್ಣ ಇದು. ರುಚಿಯಲ್ಲಿ ಕ್ಲೋರಲಿಗಿಂತ ಸಹ್ಯ, ಕೆಲಸದಲ್ಲಿ ಗಟ್ಟಿ. ಆದರೆ ಯಕೃತ್ತು ಇದನ್ನು ಹೆಚ್ಚಾಗಿ ಮುಟ್ಟಲಾರದು. ಬಹುಪಾಲು ಇದ್ದಂತೆಯೇ ಮೂತ್ರದಲ್ಲಿ ದಿನಗಟ್ಟಲೆ ತೊಟ್ಟಿಕ್ಕುತ್ತ ಹೋಗಬೇಕು. ಮೂತ್ರಪಿಂಡ ಸೊರಗಿದವನ ಪಾಡನ್ನು ನೀವೇ ಊಹಿಸಬಹುದು. ೧೯೧೨ರಲ್ಲಿ ಬಂದ ಫೀನೋಬಾರ್ಬಿಟಾಲ್ ನಮ್ಮಲ್ಲಿ ಗಾರ್ಡಿನಾಲ್ ಎಂಬ ಹೆಸರಿನಿಂದ ಅಪಸ್ಮಾರಕ್ಕೆ ಈಗಲೂ ಬಳಕೆಯಲ್ಲಿದೆ. ಅದರ ಅರ್ಧಾಯು ದೊಡ್ಡವರಲ್ಲಿ ಎರಡರಿಂದ ಐದು ದಿನಗಳವರೆಗೆ ಇರುತ್ತದೆ. ಅಪಸ್ಮಾರಕ್ಕೆ ಹಾಗೆ ಮೈಯಲ್ಲಿ ನಿಲ್ಲುವುದು ಒಳ್ಳೆಯ ಗುಣವೇ. ಒಂದಿರುಳಿನ ನಿದ್ದೆಯನ್ನಷ್ಟೇ ಬಯಸಿದವನಿಗೆ ಅದೇ ಗುಣ ದೋಷವಾಗುತ್ತದೆ.

ಇಲ್ಲಿಯವರೆಗೆ ವೈದ್ಯರು ನೋಡಿದ್ದು ಹೆಚ್ಚಾಗಿ ಮೂತ್ರಪಿಂಡವೆಂಬ ಒಂದೇ ಬಾಗಿಲನ್ನು. ಮೈಯೊಳಗೆ ಮದ್ದು ಅಡಗಿಕೊಳ್ಳುವ ಉಗ್ರಾಣವೂ ಒಂದಿದೆ ಎಂಬುದು ತಿಳಿದುಬಂದದ್ದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ೧೯೩೪ರಲ್ಲಿ ಅಮೆರಿಕದಲ್ಲಿ ಥಯೊಪೆಂಟಾಲ್ ಎಂಬ ಬಾರ್ಬಿಟುರೇಟನ್ನು ರಕ್ತನಾಳಕ್ಕೆ ಚುಚ್ಚಿ ಅರಿವಳಿಕೆ ಕೊಡುವುದು ಆರಂಭವಾಯಿತು. ಸೂಜಿ ಚುಚ್ಚಿ ಹತ್ತು ಎಣಿಸುವಷ್ಟರಲ್ಲಿ ರೋಗಿಗೆ ನಿದ್ದೆ, ಕೆಲವು ನಿಮಿಷಗಳಲ್ಲಿ ಎಚ್ಚರ. ಇಷ್ಟು ಬೇಗ ಎಚ್ಚರವಾಗುವುದನ್ನು ಕಂಡವರು ಮೈ ಈ ಮದ್ದನ್ನು ಕ್ಷಣಾರ್ಧದಲ್ಲಿ ನಾಶಮಾಡುತ್ತದೆಂದು ನಂಬಿದರು. ಹಾಗಿದ್ದರೆ ಎರಡನೆಯ, ಮೂರನೆಯ ಸಲ ಚುಚ್ಚಿದಾಗ ರೋಗಿ ಗಂಟೆಗಟ್ಟಲೆ ಏಳದೆ ಮಲಗಿರುವುದೇಕೆ?

ಈ ಒಗಟನ್ನು ೧೯೫೦ರಲ್ಲಿ ಬಿಡಿಸಿದವರು ನ್ಯೂಯಾರ್ಕಿನ ಬರ್ನಾರ್ಡ್ ಬ್ರಾಡಿ ಮತ್ತು ಅವರ ಸಂಗಡಿಗರು. ರಕ್ತದಲ್ಲಿಯೂ ಮೈಯ ಬೇರೆಬೇರೆ ಭಾಗಗಳಲ್ಲಿಯೂ ಮದ್ದನ್ನು ಅಳೆದು ನೋಡಿದಾಗ ಅದು ನಾಶವಾಗುವುದು ಬಹಳ ನಿಧಾನ, ಗಂಟೆಗೆ ನೂರರಲ್ಲಿ ಹತ್ತು ಹದಿನೈದು ಪಾಲು ಮಾತ್ರ, ಎಂದು ಅವರಿಗೆ ಕಂಡಿತು. ಹಾಗಾದರೆ ರಕ್ತದಿಂದ ಮಾಯವಾದದ್ದು ಎಲ್ಲಿಗೆ ಹೋಯಿತು? ಮೈಯ ಕೊಬ್ಬಿನೊಳಕ್ಕೆ. ಕರ್ಪೂರ ಎಣ್ಣೆಯಲ್ಲಿ ಕರಗುವಂತೆ ಈ ಮದ್ದು ಕೊಬ್ಬಿನಲ್ಲಿ ಕರಗಿ ಕುಳಿತುಕೊಳ್ಳುತ್ತದೆ. ಮುಂದೆ ೧೯೬೦ರಲ್ಲಿ ಹೆನ್ರಿ ಪ್ರೈಸ್ ಅವರು ಈ ಲೆಕ್ಕವನ್ನು ಇನ್ನಷ್ಟು ತಿದ್ದಿದರು. ಕೊಬ್ಬಿಗೆ ರಕ್ತದ ಹರಿವು ಕಡಿಮೆ. ಆದ್ದರಿಂದ ಮೊದಲ ಎಚ್ಚರಕ್ಕೆ ಕಾರಣ ಮದ್ದು ಮಿದುಳನ್ನು ಬಿಟ್ಟು ಮಾಂಸಖಂಡಗಳಿಗೆ ಹಂಚಿಹೋಗುವುದು, ಕೊಬ್ಬು ತುಂಬುವುದು ನಿಧಾನವಾಗಿ ಎಂದು ಅವರು ತೋರಿಸಿದರು. ತಾತ್ಪರ್ಯ ಇಷ್ಟೆ: ರೋಗಿ ಕಣ್ಣು ಬಿಟ್ಟ ಮಾತ್ರಕ್ಕೆ ಮದ್ದು ಮೈ ಬಿಟ್ಟಿತೆಂದು ಹೇಳುವಂತಿಲ್ಲ. ಒಂದು ಸಲ ಚುಚ್ಚಿದಾಗ ಉಗ್ರಾಣ ಬರಿದಾಗಿದ್ದು ಮದ್ದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಚುಚ್ಚಿದರೆ ಉಗ್ರಾಣ ತುಂಬಿ, ಅಲ್ಲಿಂದ ಮದ್ದು ರಕ್ತಕ್ಕೆ ಹಿಂದಿರುಗಿ ಒಸರುತ್ತಿರುತ್ತದೆ.

ಉಗ್ರಾಣ ದೊಡ್ಡದಾದಷ್ಟೂ ಬರಿದಾಗುವುದು ತಡ. ೧೯೮೪ರಲ್ಲಿ ಬಾಸ್ಟನ್ನಿನ ಡೇವಿಡ್ ಗ್ರೀನ್‌ಬ್ಲಾಟ್ ಅವರ ತಂಡ ಮಿಡಜೋಲಾಂ ಎಂಬ ಶಾಮಕವನ್ನು ಅಳೆದಾಗ, ಅತಿ ಸ್ಥೂಲಕಾಯದವರಲ್ಲಿ ಅದರ ಅರ್ಧಾಯು ಇತರರಲ್ಲಿದ್ದುದರ ಸುಮಾರು ಮೂರು ಪಟ್ಟಾಗಿತ್ತು.

ಕೊನೆಯ ಹೊಣೆ ಯಕೃತ್ತಿನದು. ಕೊಬ್ಬಿನಲ್ಲಿ ಕರಗುವ ಮದ್ದನ್ನು ಮೂತ್ರಪಿಂಡ ಸೋಸಿ ಹೊರಹಾಕಲಾರದು. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಕೊಡಬೇಕು. ಈ ಕೆಲಸವನ್ನು ಮಾಡುವ ಕಿಣ್ವಗಳನ್ನು ೧೯೫೦ರ ದಶಕದಲ್ಲಿ ಬ್ರಾಡಿಯವರೂ, ಮುಂದೆ ನೊಬೆಲ್ ಪಾರಿತೋಷಕ ಪಡೆದ ಜೂಲಿಯಸ್ ಆಕ್ಸೆಲ್‌ರಾಡ್ ಅವರೂ ಅಮೆರಿಕದ ಬೆಥೆಸ್ಡದಲ್ಲಿ ಹುಡುಕಿ ತೆಗೆದರು. ಈ ಕಿಣ್ವಗಳ ತಿರುಳಾದ ಒಂದು ಬಣ್ಣದ ವಸ್ತುವಿಗೆ ೧೯೬೨ರಲ್ಲಿ ಜಪಾನಿನ ಓಮುರಾ ಮತ್ತು ಸಾತೋ ಅವರು ಸೈಟೋಕ್ರೋಮ್ ಪಿ-೪೫೦ ಎಂದು ಹೆಸರಿಟ್ಟರು.

ಒಂದೊಂದು ಪ್ರಾಣಿಯ ಯಕೃತ್ತಿಗೂ ಒಂದೊಂದು ವೇಗ. ೧೯೫೮ರಲ್ಲಿ ಕ್ವಿನ್, ಆಕ್ಸೆಲ್‌ರಾಡ್ ಮತ್ತು ಬ್ರಾಡಿ ಅವರು ಹೆಕ್ಸೊಬಾರ್ಬಿಟಾಲ್ ಎಂಬ ನಿದ್ದೆಮದ್ದನ್ನು ದೇಹದ ತೂಕಕ್ಕೆ ತಕ್ಕಂತೆ ಕೊಟ್ಟು ನೋಡಿದರು. ಸುಂಡಿಲಿ ೧೨ ನಿಮಿಷ ಮಲಗಿತು, ಮೊಲ ೪೯ ನಿಮಿಷ, ಇಲಿ ೯೦ ನಿಮಿಷ. ನಾಯಿಗೆ ಅರ್ಧ ಪ್ರಮಾಣವನ್ನೇ ಕೊಟ್ಟಿದ್ದರೂ ಅದು ೩೧೫ ನಿಮಿಷ ಏಳಲಿಲ್ಲ. ಅದಕ್ಕೂ ಮೊದಲೇ, ೧೯೩೨ರಲ್ಲಿ, ನಿಕೊಲಸ್ ಮತ್ತು ಬ್ಯಾರನ್ ಎಂಬುವರು ಹೆಣ್ಣು ಇಲಿಯನ್ನು ಮಲಗಿಸಲು ಗಂಡಿಗೆ ಬೇಕಾದ ಮದ್ದಿನ ಸುಮಾರು ಅರ್ಧವೇ ಸಾಕೆಂದು ಗಮನಿಸಿದ್ದರು. ಗಂಡುಹೆಣ್ಣಿನ ಈ ಭೇದ ಮನುಷ್ಯರಿಗೆ ಅನ್ವಯಿಸುವುದೇ ಎಂದು ಬಹುಕಾಲ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಆ ಮಾತಿಗೆ ಆಮೇಲೆ ಬರೋಣ.

ಈಗ ನಮ್ಮ ಮನೆಗಳಲ್ಲಿ ಚಿರಪರಿಚಿತವಾದ ಮಾತ್ರೆಯ ಸರದಿ. ಲಿಯೊ ಸ್ಟರ್ನ್‌ಬಾಖ್ ಎಂಬ ರಸಾಯನಶಾಸ್ತ್ರಜ್ಞರ ಶೋಧನೆಯಿಂದ ೧೯೬೦ರಲ್ಲಿ ಲಿಬ್ರಿಯಂ, ೧೯೬೩ರಲ್ಲಿ ವ್ಯಾಲಿಯಂ ಅಥವಾ ಡಯಜೆಪಾಂ ಬಳಕೆಗೆ ಬಂದವು. ಡಯಜೆಪಾಂ ನಮ್ಮಲ್ಲಿ ಕಾಂಪೋಸ್ ಎಂಬ ಹೆಸರಿನಿಂದ ಮನೆಮಾತಾಯಿತು. ಬಾರ್ಬಿಟುರೇಟುಗಳಿಗಿಂತ ಇದು ಎಷ್ಟೋ ನಿರಪಾಯಕರ. ಒಂದೆರಡು ಮಾತ್ರೆ ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ ಬರುವುದು ಅಪರೂಪ. ಈ ಧೈರ್ಯದಿಂದಲೇ ಅದು ಲೋಕದ ತುಂಬ ಹರಡಿತು. ವಯಸ್ಸಾದವರಿಗಂತೂ ಹೆಚ್ಚು ಹೆಚ್ಚಾಗಿ ಕೊಡತೊಡಗಿದರು.

೧೯೭೫ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಿಂದ ಉಲ್ರಿಖ್ ಕ್ಲೋಟ್ಸ್, ಗ್ರಾಂಟ್ ವಿಲ್ಕಿನ್ಸನ್ ಮೊದಲಾದವರು ಒಂದು ಮುಖ್ಯವಾದ ಲೇಖನವನ್ನು ಪ್ರಕಟಿಸಿದರು. ಡಯಜೆಪಾಮಿನ ಅರ್ಧಾಯು ಇಪ್ಪತ್ತರ ಹರೆಯದಲ್ಲಿ ಸುಮಾರು ೨೦ ಗಂಟೆ. ಅಲ್ಲಿಂದ ವಯಸ್ಸಿನೊಡನೆ ಏರುತ್ತ ಏರುತ್ತ ಎಂಬತ್ತರ ಹೊತ್ತಿಗೆ ಅದು ಸುಮಾರು ೯೦ ಗಂಟೆ! ಯಕೃತ್ತು ಗಟ್ಟಿಕಟ್ಟಿದ ರೋಗಿಗಳಲ್ಲಂತೂ ಅದು ಆರೋಗ್ಯವಂತರಲ್ಲಿದ್ದುದರ ಎರಡು ಪಟ್ಟಿಗೂ ಮಿಗಿಲಾಗಿತ್ತು. ಮುದುಕರ ಯಕೃತ್ತು ಸೋತದ್ದೇ ಕಾರಣವೆಂದು ನೀವು ಭಾವಿಸಬಹುದು. ವಿಚಿತ್ರವೆಂದರೆ ಆರೋಗ್ಯವಾಗಿರುವ ಮುದುಕರ ಯಕೃತ್ತು ತನ್ನ ಕೆಲಸವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಮಾಡುತ್ತಿತ್ತು. ವಯಸ್ಸಾದಂತೆ ಮಾಂಸ ಕರಗಿ ಮೈಯಲ್ಲಿ ಕೊಬ್ಬಿನ ಪಾಲು ಏರುತ್ತದೆ. ನೋಡಲು ತೆಳ್ಳಗಿದ್ದರೂ ಒಳಗಿನ ಉಗ್ರಾಣ ದೊಡ್ಡದಾಗಿರುತ್ತದೆ. ಡಯಜೆಪಾಂ ಅಲ್ಲಿ ಹೋಗಿ ಕುಳಿತರೆ ಯಕೃತ್ತಿನ ಕೈಗೆ ಸಿಕ್ಕುವುದೇ ಸ್ವಲ್ಪ ಸ್ವಲ್ಪವಾಗಿ.

ಈ ಎರಡು ಅಂಕಿಗಳನ್ನಿಟ್ಟುಕೊಂಡು ಒಂದು ಚಿಕ್ಕ ಲೆಕ್ಕ ಮಾಡೋಣ. ದಿನಕ್ಕೊಂದರಂತೆ ಮಾತ್ರೆ ತೆಗೆದುಕೊಳ್ಳುತ್ತ ಹೋದರೆ, ಕೆಲವು ದಿನಗಳ ಮೇಲೆ, ಅಂದಂದಿನ ಮಾತ್ರೆ ನುಂಗಿದೊಡನೆ ೨೦ ಗಂಟೆಯ ಅರ್ಧಾಯುವುಳ್ಳ ತರುಣನ ಮೈಯಲ್ಲಿ ಎರಡು ಮಾತ್ರೆಗಿಂತ ತುಸು ಕಡಿಮೆ ಮದ್ದು ಇರುತ್ತದೆ. ೯೦ ಗಂಟೆಯ ಅರ್ಧಾಯುವುಳ್ಳ ಮುದುಕರ ಮೈಯಲ್ಲಿ ಇರುವುದು ಹೆಚ್ಚುಕಡಿಮೆ ಆರು ಮಾತ್ರೆಯ ಮದ್ದು. ಅದೆಲ್ಲವೂ ರಕ್ತದಲ್ಲಿ ಓಡಾಡುತ್ತದೆಂದಲ್ಲ. ಬಹುಪಾಲು ಕೊಬ್ಬಿನಲ್ಲಿ ಅಡಗಿರುತ್ತದೆ. ಆದರೆ ಮಾತ್ರೆಯನ್ನು ನಿಲ್ಲಿಸಿದ ಮೇಲೆ ಅದು ಖಾಲಿಯಾಗಬೇಕಲ್ಲವೆ? ಐದು ಅರ್ಧಾಯುಗಳು ಕಳೆದರೆ ಮದ್ದು ಬಹುಮಟ್ಟಿಗೆ ಹೋಯಿತೆಂದು ವೈದ್ಯರ ಲೆಕ್ಕ. ತರುಣನಿಗೆ ನಾಲ್ಕು ದಿನ ಸಾಕು. ಮುದುಕರಿಗೆ ಹದಿನೆಂಟು ಹತ್ತೊಂಬತ್ತು ದಿನ ಬೇಕು. ಇದರ ಮೇಲೆ ಡಯಜೆಪಾಂ ಯಕೃತ್ತಿನಲ್ಲಿ ಮಾರ್ಪಟ್ಟು ಹುಟ್ಟುವ ವಸ್ತುವೂ ನಿದ್ದೆ ತರುವಂಥದೇ. ಅದರ ಆಯುಸ್ಸು ತಾಯಿಮದ್ದಿಗಿಂತಲೂ ದೀರ್ಘ. ಸಾಲದೆಂಬಂತೆ ವಯಸ್ಸಾದ ಮಿದುಳು ಅಷ್ಟೇ ಮದ್ದಿಗೆ ಹೆಚ್ಚಾಗಿ ಮಣಿಯುತ್ತದೆ.

ಇದರ ಫಲವೇನು? ಅದೇ ವ್ಯಾಂಡರ್‌ಬಿಲ್ಟಿನ ವೇಯ್ನ್ ರೇ ಮತ್ತು ಸಂಗಡಿಗರು ೧೯೮೭ರಲ್ಲಿ, ಬಿದ್ದು ಸೊಂಟದ ಮೂಳೆ ಮುರಿದುಕೊಂಡ ೧,೦೨೧ ಮಂದಿ ವೃದ್ಧರನ್ನು ಹಾಗೆ ಮುರಿದುಕೊಳ್ಳದ ೫,೬೦೬ ಮಂದಿಯೊಡನೆ ಹೋಲಿಸಿ ನೋಡಿದರು. ದೀರ್ಘ ಅರ್ಧಾಯುವಿನ ನಿದ್ದೆಮಾತ್ರೆ, ಶಾಮಕಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದವರಿಗೆ ಈ ಅಪಾಯ ಇತರರಿಗಿಂತ ೧.೮ ಪಟ್ಟು ಇತ್ತು. ಹಾಗೆಂದು ಬೇಗ ಹೊರಟುಹೋಗುವ ಮಾತ್ರೆಗಳೆಲ್ಲ ನಿರ್ಭಯವೆಂದಲ್ಲ. ಅವುಗಳಿಂದಲೂ ಬೀಳುವುದುಂಟೆಂದು ಮುಂದಿನ ಪರಿಶೀಲನೆಗಳು ತೋರಿಸಿವೆ. ೧೯೯೧ರಲ್ಲಿ ಮಾರ್ಕ್ ಬಿಯರ್ಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ವೃದ್ಧರಿಗೆ ಕೊಡಬಾರದ ಔಷಧಗಳ ಒಂದು ಪಟ್ಟಿಯನ್ನು ತಯಾರಿಸಿದಾಗ ದೀರ್ಘಕಾಲ ನಿಲ್ಲುವ ಈ ಮಾತ್ರೆಗಳು ಅದರಲ್ಲಿ ಸೇರಿದವು. ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರು ಮನೆಯಲ್ಲಿ ಹಾಸಿಗೆ ಹಿಡಿದರೆ ಅದರ ಅರ್ಥವೇನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ವಯಸ್ಸೂ ಮೈಕಟ್ಟೂ ಒಂದೇ ಆಗಿದ್ದರೂ ಇಬ್ಬರ ನಡುವೆ ಅಂತರ ಉಳಿಯುತ್ತದೆ. ಅದು ತಂದೆತಾಯಿಗಳಿಂದ ಬಂದ ಬಳುವಳಿ. ಮನುಷ್ಯರು ಮುಖದಲ್ಲಿ ಬೇರೆಯಾಗಿರುವಂತೆ ಮೈಯ ರಸಾಯನದಲ್ಲಿಯೂ ಬೇರೆಯಾಗಿರುತ್ತಾರೆಂದು ಇಂಗ್ಲೆಂಡಿನ ಆರ್ಚಿಬಾಲ್ಡ್ ಗ್ಯಾರಡ್ ಅವರು ೧೯೦೨ರಲ್ಲೇ ಸೂಚಿಸಿದ್ದರು. ಅದು ಔಷಧದ ವಿಷಯದಲ್ಲಿ ಎಷ್ಟು ನಿಜವೆಂಬುದಕ್ಕೆ ೧೯೭೫ರಲ್ಲಿ ಲಂಡನ್ನಿನ ಪ್ರಾಧ್ಯಾಪಕ ರಾಬರ್ಟ್ ಸ್ಮಿತ್ ಅವರು ತಾವೇ ಸಾಕ್ಷಿಯಾದರು. ರಕ್ತದೊತ್ತಡದ ಒಂದು ಔಷಧವನ್ನು ಅವರೂ ಅವರ ಸಹೋದ್ಯೋಗಿಗಳೂ ಪರೀಕ್ಷೆಗಾಗಿ ನುಂಗಿದರು. ಇತರರಿಗೆ ಏನೂ ಆಗಲಿಲ್ಲ. ಸ್ಮಿತ್ ಅವರ ರಕ್ತದೊತ್ತಡ ಮಾತ್ರ ಪಾತಾಳಕ್ಕಿಳಿಯಿತು. ಅವರ ಮೂತ್ರವನ್ನು ನೋಡಿದಾಗ ಔಷಧ ಬಹುಮಟ್ಟಿಗೆ ಇದ್ದಂತೆಯೇ ಹೊರಬಂದಿತ್ತು. ಅದನ್ನು ಮಾರ್ಪಡಿಸಬೇಕಾದ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಕೆಲಸಮಾಡುತ್ತಿರಲಿಲ್ಲ.

ಡಯಜೆಪಾಮನ್ನು ಮಾರ್ಪಡಿಸುವ ಕಿಣ್ವಗಳಲ್ಲೊಂದರ ಕಥೆಯೂ ಹೀಗೆಯೇ. ಯೂರೋಪಿನ ಮೂಲದವರಲ್ಲಿ ನೂರಕ್ಕೆ ೨ರಿಂದ ೫ ಮಂದಿಗೆ ಅದು ಹುಟ್ಟಿನಿಂದಲೇ ಕೆಲಸಮಾಡುವುದಿಲ್ಲ. ಪೂರ್ವ ಏಷ್ಯದವರಲ್ಲಿ ಆ ಸಂಖ್ಯೆ ನೂರಕ್ಕೆ ೧೩ರಿಂದ ೨೩. ನಮ್ಮ ದೇಶದಲ್ಲಿ ನಡೆದ ಪರೀಕ್ಷೆಗಳಲ್ಲಿಯೂ ಯೂರೋಪಿಗಿಂತ ಹೆಚ್ಚು ಮಂದಿ ಹೀಗೆ ಕಂಡುಬಂದಿದ್ದಾರೆ. ೧೯೮೯ರಲ್ಲಿ ಸ್ವೀಡನ್ನಿನ ಲೀಫ್ ಬರ್ಟಿಲ್‌ಸನ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಅಂಥವರ ಮೈಯಲ್ಲಿ ಡಯಜೆಪಾಮಿನ ಅರ್ಧಾಯು ಇತರರಲ್ಲಿರುವುದಕ್ಕಿಂತ ಸುಮಾರು ಎರಡು ಪಟ್ಟಾಗಿತ್ತು. ಅವರು ರೋಗಿಗಳಲ್ಲ, ದುರ್ಬಲರೂ ಅಲ್ಲ. ಮಾತ್ರೆ ನುಂಗುವವರೆಗೆ ತಮ್ಮ ಮೈಯ ಈ ಗುಣ ಅವರಿಗೆ ಗೊತ್ತಾಗುವುದೇ ಇಲ್ಲ.

ಹುಟ್ಟಿನಿಂದ ಚೆನ್ನಾಗಿಯೇ ಇರುವ ಕಿಣ್ವವನ್ನು ಬೇರೆ ವಸ್ತುಗಳು ಬಂದು ಕಟ್ಟಿಹಾಕುವುದೂ ಉಂಟು. ಕೆನಡಾದ ಡೇವಿಡ್ ಬೈಲಿಯವರು ರಕ್ತದೊತ್ತಡದ ಒಂದು ಔಷಧ ಮದ್ಯದೊಡನೆ ಸೇರಿದರೆ ಏನಾಗುವುದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲೆಂದು ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸವನ್ನ ಬೆರೆಸಿದರು. ರಕ್ತದಲ್ಲಿ ಔಷಧ ನಿರೀಕ್ಷೆಗಿಂತ ಹಲವು ಪಟ್ಟು ಏರಿತು. ಕಾರಣ ಮದ್ಯವಲ್ಲ, ಹಣ್ಣಿನ ರಸ! ೧೯೮೯ರಲ್ಲಿ ಇದು ಪ್ರಕಟವಾಯಿತು. ಈ ಹಣ್ಣು ನಮ್ಮ ಚಕ್ಕೋತ ಮತ್ತು ಕಿತ್ತಳೆಗಳ ಬೆರಕೆಯಿಂದ ಹುಟ್ಟಿದ್ದು. ಅದರ ರಸ ಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವವನ್ನು ಕೆಡಿಸುತ್ತದೆ. ಬಾಯಿಂದ ತೆಗೆದುಕೊಳ್ಳುವ ಮಿಡಜೋಲಾಂ, ಟ್ರಯಜೋಲಾಂ ಎಂಬ ಶಾಮಕಗಳ ಮಟ್ಟವೂ ಅದರಿಂದ ಏರುತ್ತದೆ. ಆಮ್ಲಪಿತ್ತಕ್ಕೆ ನಾವು ಸಲೀಸಾಗಿ ನುಂಗುವ ಓಮೆಪ್ರಜೋಲ್ ಕೂಡ ಡಯಜೆಪಾಂ ಹೊರಗೆ ಹೋಗುವುದನ್ನು ನಿಧಾನಗೊಳಿಸುತ್ತದೆ. ಇದಕ್ಕೆ ವಿರುದ್ಧವಾಗಿ ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ ಅನೇಕ ಶಾಮಕಗಳನ್ನು ಬೇಗ ಓಡಿಸುತ್ತದೆ.

ಹೆಣ್ಣು ಇಲಿಗಳ ಮಾತಿಗೆ ಈಗ ಬರೋಣ. ಜೋಲ್ಪಿಡೆಮ್ ಎಂಬ ಈಚಿನ ನಿದ್ದೆಮಾತ್ರೆಯ ಅರ್ಧಾಯು ಕೇವಲ ಎರಡೂವರೆ ಗಂಟೆಯಷ್ಟು. ಬೆಳಗಾಗುವಷ್ಟರಲ್ಲಿ ಹೋಗಿಬಿಡುತ್ತದೆಂಬ ಭರವಸೆಯಿಂದಲೇ ಅದು ಜನಪ್ರಿಯವಾಯಿತು. ಆದರೆ ೧೦ ಮಿಲಿಗ್ರಾಮಿನ ಮಾತ್ರೆ ನುಂಗಿ ೮ ಗಂಟೆ ಕಳೆದ ಮೇಲೂ, ಮೋಟಾರು ನಡೆಸಲು ಅಡ್ಡಿಯಾಗುವಷ್ಟು ಮದ್ದು ಗಂಡಸರಲ್ಲಿ ನೂರಕ್ಕೆ ೩ ಮಂದಿಯ ರಕ್ತದಲ್ಲಿಯೂ, ಹೆಂಗಸರಲ್ಲಿ ನೂರಕ್ಕೆ ೧೫ ಮಂದಿಯ ರಕ್ತದಲ್ಲಿಯೂ ಉಳಿದಿರುತ್ತಿತ್ತು. ೨೦೧೩ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹೆಂಗಸರ ಪ್ರಮಾಣವನ್ನು ಅರ್ಧಕ್ಕೆ, ಎಂದರೆ ೫ ಮಿಲಿಗ್ರಾಮಿಗೆ, ಇಳಿಸಬೇಕೆಂದು ಆಜ್ಞೆಮಾಡಿತು. ೧೯೩೨ರ ಇಲಿಯಿಂದ ೨೦೧೩ರ ಆಜ್ಞೆಯವರೆಗೆ ೮೧ ವರ್ಷಗಳು!

ಈ ತಿಳಿವಳಿಕೆ ಆಸ್ಪತ್ರೆಯ ಒಳಗೂ ಫಲಕೊಟ್ಟಿದೆ. ತೀವ್ರನಿಗಾ ಘಟಕದಲ್ಲಿ ಉಸಿರಾಟದ ಯಂತ್ರಕ್ಕೆ ಜೋಡಿಸಿದ ರೋಗಿಗೆ ಶಾಮಕವನ್ನು ಸತತವಾಗಿ ಹನಿಸುತ್ತಾರೆ. ಮದ್ದು ನಿಲ್ಲಿಸಿದರೂ ರೋಗಿ ಏಳದಿದ್ದಾಗ ಹೊರಗೆ ಕಾದು ಕುಳಿತ ಮನೆಯವರ ಎದೆ ಒಡೆಯುತ್ತದೆ. ೨೦೦೦ದಲ್ಲಿ ಷಿಕಾಗೋ ನಗರದ ಜಾನ್ ಕ್ರೆಸ್ ಮೊದಲಾದ ವೈದ್ಯರು ದಿನಕ್ಕೊಮ್ಮೆ ಶಾಮಕವನ್ನು ನಿಲ್ಲಿಸಿ ರೋಗಿ ಎಚ್ಚರಗೊಳ್ಳುವನೇ ಎಂದು ನೋಡುವ ಪದ್ಧತಿಯನ್ನು ಪರೀಕ್ಷಿಸಿದರು. ಅಂಥ ರೋಗಿಗಳು ಯಂತ್ರದ ಮೇಲೆ ಕಳೆದ ಕಾಲ ೭.೩ ದಿನಗಳಿಂದ ೪.೯ ದಿನಗಳಿಗೆ ಇಳಿಯಿತು. ಪ್ರತಿಯೊಬ್ಬನ ಮೈಯೂ ತನ್ನದೇ ಲೆಕ್ಕ ಇಟ್ಟಿರುವಾಗ, ಪುಸ್ತಕದ ಸರಾಸರಿಯನ್ನು ನೆಚ್ಚುವ ಬದಲು ಆ ಮೈಯನ್ನೇ ಕೇಳಿನೋಡುವುದು ಇದರ ಗುಟ್ಟು.

ಮನೆಯ ಮಟ್ಟಿಗೆ ಈ ಇತಿಹಾಸದಿಂದ ನಾವು ಕಲಿಯುವುದೇನು? ಮಾತ್ರೆಯ ಚೀಟಿಯಲ್ಲಿ ಬರೆದಿರುವ ಪ್ರಮಾಣ ಸರಾಸರಿಯ ಮನುಷ್ಯನಿಗೆ. ನಿಮ್ಮ ತಾಯಿಗಲ್ಲ, ನಿಮ್ಮ ಮಾವನವರಿಗಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಹಿರಿಯರು ಇದ್ದಕ್ಕಿದ್ದಂತೆ ಮಂಕಾದರೆ, ಮಾತು ತಪ್ಪಿದರೆ, ನಡೆಯುವಾಗ ಬಿದ್ದರೆ, ಆ ಗಾದೆಯನ್ನು ಹೇಳುವ ಮೊದಲು ಅವರ ತಲೆದಿಂಬಿನ ಬಳಿಯಿರುವ ಮಾತ್ರೆಯ ಡಬ್ಬಿಯನ್ನು ನೋಡಿ. ಅದರಲ್ಲಿರುವ ಎಲ್ಲ ಮಾತ್ರೆಗಳನ್ನೂ, ಆಮ್ಲಪಿತ್ತದ್ದನ್ನೂ ಬಿಡದೆ, ವೈದ್ಯರಿಗೆ ತೋರಿಸಿ. ಯಕೃತ್ತಿನ, ಮೂತ್ರಪಿಂಡದ ಕಾಯಿಲೆ ಇದ್ದರೆ ಹೇಳಿ. ಮನೆಯಲ್ಲಿ ಯಾರಾದರೂ ಅರಿವಳಿಕೆಯಿಂದ ಏಳಲು ತಡಮಾಡಿದ್ದುಂಟಾದರೆ ಶಸ್ತ್ರಚಿಕಿತ್ಸೆಗೆ ಮುಂಚೆ ಅದನ್ನೂ ತಿಳಿಸಿ. ಒಬ್ಬರಿಗೆ ಬರೆದುಕೊಟ್ಟ ನಿದ್ದೆಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಇಂಥ ಮಾತ್ರೆಯನ್ನು ಹೆದರಿ ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಪೂರ್ತಿ ಕೆಡುವುದೂ ನಡುಕ ಬರುವುದೂ ಸೆಳವು ಕಾಣಿಸಿಕೊಳ್ಳುವುದೂ ಉಂಟು. ವೈದ್ಯರ ಮೇಲ್ವಿಚಾರಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ, ವಾರಗಟ್ಟಲೆ ಸಮಯ ಕೊಟ್ಟು ಇಳಿಸಬೇಕು. ಹಾಗೆ ಇಳಿಸಿದ ಮೇಲೆ ಅರಳುಮರಳೆಂದು ನಾವು ಕೈಬಿಟ್ಟಿದ್ದ ಹಿರಿಯರು ಮತ್ತೆ ಬೆಳಗಿನ ವಾರ್ತೆ ಕೇಳಿ, ಅದರ ಮೇಲೆ ನಮ್ಮೊಡನೆ ಚರ್ಚೆಗೆ ಕೂರುವುದು ಅಸಂಭವವೇನಲ್ಲ.